ಶೂ ಅಟ್ಟೆ ಬಾಯಿ ಬಿಟ್ಟರೆ ಯಾವ ಅಂಟು ಹಾಕಬೇಕು?

ಪ್ರಶ್ನೆ: ಮಗ ಎಂಟನೇ ಕ್ಲಾಸು. ಜೂನ್‌ನಲ್ಲಿ ಕೊಂಡ ಕಪ್ಪು ಸ್ಕೂಲ್ ಶೂ ಆಗಸ್ಟ್ ಬರುವಷ್ಟರಲ್ಲಿ ಮುಂದುಗಡೆ ಬಾಯಿ ಬಿಟ್ಟಿದೆ. ಒಂದು ಹನಿ ಹಾಕಿ ಒತ್ತಿದರೆ ಹಿಡಿಯುತ್ತದಲ್ಲ, ಆ ಚಿಕ್ಕ ಟ್ಯೂಬಿನ ಅಂಟು ಹಾಕಿದೆ. ಎರಡೇ ದಿನಕ್ಕೆ ಮತ್ತೆ ಬಿಟ್ಟಿತು. ಆಮೇಲೆ ಬಡಗಿಗಳು ಬಳಸುವ ಬಿಳಿ ಅಂಟು ಹಾಕಿದೆ, ಮಳೆಯಲ್ಲಿ ಅದೂ ತೊಳೆದು ಹೋಯಿತು. ನಮ್ಮವರ ಟ್ರೆಕ್ಕಿಂಗ್ ಶೂ ಅಟ್ಟದ ಮೇಲೆ ಆರೇಳು ವರ್ಷದಿಂದ ಡಬ್ಬಿಯಲ್ಲೇ ಇತ್ತು. ಮೊನ್ನೆ ಹಾಕಿಕೊಂಡು ಅಂಗಳಕ್ಕೆ ಇಳಿದರೆ ಅಟ್ಟೆ ಪೂರ್ತಿ ಕಳಚಿ ಬಂತು. ಮಾವನವರ ಗಂಬೂಟು ಬೇರೆ ಮಡಿಚುವ ಜಾಗದಲ್ಲಿ ಸೀಳಿದೆ. ಮೂರಕ್ಕೂ ಆಗುವಂಥ ಒಂದು ಒಳ್ಳೆ ಅಂಟು ಹೇಳಿ. (ತೀರ್ಥಹಳ್ಳಿ ಕಡೆಯ ಓದುಗರೊಬ್ಬರು)

ಉತ್ತರ: ಮೂರಕ್ಕೂ ಒಂದೇ ಅಂಟು ಆಗುವುದಿಲ್ಲ. ಮಗನ ಶೂ ಮನೆಯಲ್ಲೇ ಸರಿ ಮಾಡಬಹುದು. ಗಂಬೂಟಿಗೆ ಬೇರೆ ಅಂಟು ಬೇಕಾಗಬಹುದು. ಟ್ರೆಕ್ಕಿಂಗ್ ಶೂಗೆ ಮಾತ್ರ ಯಾವ ಅಂಟನ್ನೂ ಕೊಳ್ಳಬೇಡಿ, ದುಡ್ಡು ದಂಡ.

ಅಂಗಡಿಗೆ ಹೋಗಿ ‘ಒಳ್ಳೆ ಗಟ್ಟಿ ಅಂಟು ಕೊಡಿ’ ಅಂತ ಕೇಳುವುದು ಎಲ್ಲರ ರೂಢಿ. ಶೂ ಮಟ್ಟಿಗೆ ಆ ಗಟ್ಟಿತನವೇ ತೊಂದರೆ. ಪ್ರತಿ ಹೆಜ್ಜೆಗೂ ಬೆರಳುಗಳ ಬುಡದಲ್ಲಿ ಅಟ್ಟೆ ಬಾಗುತ್ತದೆ. ಶಾಲೆಯಲ್ಲಿ ಆಡುವ ಹುಡುಗನ ಶೂ ದಿನಕ್ಕೆ ಸಾವಿರಾರು ಸಲ ಬಾಗುತ್ತದೆ. ಒಣಗಿದ ಮೇಲೆ ಗಾಜಿನಂತಾಗುವ ಅಂಟು ಅಷ್ಟು ಸಲ ಬಾಗಲಾರದು, ಬಿರುಕು ಬಿಡುತ್ತದೆ. ನಿಮ್ಮ ಚಿಕ್ಕ ಟ್ಯೂಬಿನ ಕಥೆ ಇದೇ.

ಆ ಚಿಕ್ಕ ಟ್ಯೂಬಿನಲ್ಲಿರುವುದು ಸಯನೊಅಕ್ರಿಲೇಟ್. ಫೆವಿಕ್ವಿಕ್ ಮತ್ತು ಅಂಥ ಎಲ್ಲ ದಿಢೀರ್ ಅಂಟುಗಳೂ ಈ ಜಾತಿಯವೇ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಬಂದೂಕಿನ ಗುರಿ ನೋಡುವ ಸಾಧನಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಅಮೆರಿಕದಲ್ಲಿ ಸಿಕ್ಕಿದ ವಸ್ತು ಇದು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ ಅಂತ ಆಗ ಬದಿಗಿಟ್ಟರು. ಅಂಟಾಗಿ ಮಾರಾಟಕ್ಕೆ ಬಂದದ್ದು 1958ರಲ್ಲಿ. ಗಾಳಿಯಲ್ಲಿ, ವಸ್ತುವಿನ ಮೇಲ್ಮೈಯಲ್ಲಿ ಇರುವ ತೇವವೇ ಇದನ್ನು ಗಟ್ಟಿ ಮಾಡುವುದು. ಪದರ ತೆಳ್ಳಗಿದ್ದಷ್ಟೂ ಚೆನ್ನಾಗಿ ಹಿಡಿಯುತ್ತದೆ. ಬಾಯಿ ಬಿಟ್ಟ ಶೂನಲ್ಲಿ ಎರಡು ಮೇಲ್ಮೈ ಸರಿಯಾಗಿ ಕೂರುವುದೇ ಇಲ್ಲ, ನಡುವೆ ಸಂದು ಇರುತ್ತದೆ. ಸಂದು ತುಂಬಲಿ ಅಂತ ನಾವು ಅರ್ಧ ಟ್ಯೂಬ್ ಸುರಿಯುತ್ತೇವೆ. ಕೆಲಸ ಅಲ್ಲೇ ಕೆಡುತ್ತದೆ.

ಇದರಲ್ಲಿ ಇನ್ನೊಂದು ಅಪಾಯವಿದೆ, ಹೆಚ್ಚು ಜನ ಅದನ್ನು ಗಮನಿಸುವುದಿಲ್ಲ. ಈ ಅಂಟು ಹತ್ತಿ ಬಟ್ಟೆಗೆ ತಾಗಿದರೆ ಒಮ್ಮೆಲೇ ಬಿಸಿಯಾಗುತ್ತದೆ. ಕೆಲವು ಸಲ ಹೊಗೆಯೂ ಬರುತ್ತದೆ, ಚರ್ಮ ಸುಡುತ್ತದೆ. ಶೂ ಕಾಲಲ್ಲಿ ಇರುವಾಗಲೇ ಒಂದು ಹನಿ ಹಾಕಿಬಿಡೋಣ ಅನ್ನುವುದು ಬೇಡವೇ ಬೇಡ. ಹತ್ತಿ ಕಡ್ಡಿಯಿಂದ ಸವರುವುದೂ ಬೇಡ. ಬೆರಳಿಗೆ ಬೆರಳು ಅಂಟಿದರೆ ಎಳೆಯಬೇಡಿ. ಬೆಚ್ಚಗಿನ ಸೋಪು ನೀರಿನಲ್ಲಿ ನೆನೆಸಿ, ನಿಧಾನಕ್ಕೆ ಬಿಡಿಸಿ. ಕಣ್ಣಿಗೆ ಹಾರಿದರೆ ನೀರು ಹಾಕಿ ತೊಳೆದು ಸೀದಾ ಡಾಕ್ಟರ ಹತ್ತಿರ ಹೋಗಿ. ರೆಪ್ಪೆಗಳನ್ನು ಬಲವಂತವಾಗಿ ಬಿಡಿಸಬೇಡಿ.

ಬಿಳಿ ಅಂಟು ಮರಕ್ಕೆ, ಕಾಗದಕ್ಕೆ ಮಾಡಿದ್ದು. ನೀರಿನಲ್ಲಿ ಕಲಸಿದ ಪಾಲಿವಿನೈಲ್ ಅಸಿಟೇಟ್ ಅದು. ನೀರು ಮರದೊಳಗೆ ಇಳಿದೋ ಆವಿಯಾಗಿಯೋ ಹೋದರೆ ಮಾತ್ರ ಒಣಗುತ್ತದೆ. ರಬ್ಬರು ನೀರು ಕುಡಿಯುವುದಿಲ್ಲ, ಮಳೆಗೆ ಅಂಟು ಮತ್ತೆ ಮೆತ್ತಗಾಗುತ್ತದೆ. ಇಲ್ಲಿ ಒಂದು ಗೊಂದಲ ಇದೆ. ಫೆವಿಕಾಲ್ ಅನ್ನುವ ಒಂದೇ ಹೆಸರಿನಲ್ಲಿ ಬಿಳಿ ಮರದ ಅಂಟೂ ಬರುತ್ತದೆ, ಎಸ್‌ಆರ್ 998 ಅನ್ನುವ ಹಳದಿ ಬಣ್ಣದ, ಘಾಟು ವಾಸನೆಯ ಅಂಟೂ ಬರುತ್ತದೆ. ಎರಡಕ್ಕೂ ಸಂಬಂಧವೇ ಇಲ್ಲ. ‘ಶೂಗೆ ಫೆವಿಕಾಲ್ ಹಾಕಿ’ ಅಂತ ಯಾರೋ ಹೇಳಿದ್ದನ್ನು ಕೇಳಿ ಬಿಳಿ ಡಬ್ಬಿ ತಂದವರು ಬೇಕಾದಷ್ಟು ಜನ.

ನಿಮಗೆ ಬೇಕಿರುವುದು ಆ ಹಳದಿ ಜಾತಿ. ಚಪ್ಪಲಿ ರಿಪೇರಿ ಮಾಡುವವರು ‘ಸೊಲ್ಯೂಷನ್’ ಅಂತ ಕರೆಯುವುದು ಸಾಮಾನ್ಯವಾಗಿ ಇದನ್ನೇ. ಕಂಪನಿಗಳು ಕಾಂಟ್ಯಾಕ್ಟ್ ಅಂಟು ಅನ್ನುತ್ತವೆ. ಎಸ್‌ಆರ್ 998, ಫೆವಿಬಾಂಡ್, ಡೆಂಡ್ರೈಟ್ ಎಲ್ಲ ಈ ಗುಂಪಿನವು. ಈ ಗುಂಪಿನ ಹೆಚ್ಚಿನ ಅಂಟುಗಳಲ್ಲಿ ಇರುವುದು ನಿಯೊಪ್ರೀನ್ ಅನ್ನುವ ಕೃತಕ ರಬ್ಬರು. 1930ರಲ್ಲಿ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಮೊದಲು ತಯಾರಾಯಿತು. ಅದನ್ನು ಟಾಲ್ವೀನ್‌ನಂಥ ದ್ರಾವಕದಲ್ಲಿ ಕರಗಿಸಿರುತ್ತಾರೆ. ದ್ರಾವಕ ಆವಿಯಾದ ಮೇಲೆ ಉಳಿಯುವುದು ರಬ್ಬರಿನ ಪದರ. ಹಾಗಾಗಿ ಅದು ಅಟ್ಟೆಯ ಜತೆ ಬಾಗುತ್ತದೆ. ಸೈಕಲ್ ಪಂಕ್ಚರ್ ಸೊಲ್ಯೂಷನ್ ಇದಲ್ಲ, ಅದು ಟ್ಯೂಬಿಗೆ ತೇಪೆ ಹಾಕಲು ಮಾಡಿದ್ದು. ಶೂಗೆ ಸಾಲದು.

ಆದರೆ ಹಳದಿ ಅಂಟು ತಂದರೆ ಆಯಿತು ಅಂತಲ್ಲ. ಅಟ್ಟೆ ಯಾವುದರಿಂದ ಮಾಡಿದ್ದು ಅಂತ ನೀವು ಬರೆದಿಲ್ಲ. ಅದು ಗೊತ್ತಾಗದೆ ನಾನು ಅಂಟಿನ ಹೆಸರು ಹೇಳಿದರೆ ಅದು ಅಂದಾಜಿನ ಮಾತಾಗುತ್ತದೆ. ಸ್ಕೂಲ್ ಶೂಗಳಲ್ಲಿ ಪಿವಿಸಿ ಅಟ್ಟೆ ತುಂಬಾ ಇರುತ್ತದೆ. ಪಿವಿಸಿ ತಾನಾಗಿ ಗಡಸು ಪ್ಲಾಸ್ಟಿಕ್. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ಪದಾರ್ಥ ಸೇರಿಸಿರುತ್ತಾರೆ. ಆ ಪದಾರ್ಥ ಒಳಗೇ ಸುಮ್ನೆ ಇರುವುದಿಲ್ಲ, ನಿಧಾನವಾಗಿ ಹೊರಗೆ ಜಿನುಗುತ್ತದೆ. ಹಳದಿ ಅಂಟಿನ ಪದರಕ್ಕೆ ಇಳಿದು ಅದನ್ನು ಜಿಗುಟು ಮಾಡಿಬಿಡುತ್ತದೆ. ಮೊದಲ ವಾರ ಚೆನ್ನಾಗಿ ಹಿಡಿದು, ಆಮೇಲೆ ಚೂಯಿಂಗ್ ಗಮ್ ಥರ ಎಳೆ ಎಳೆಯಾಗಿ ಬಿಟ್ಟುಬರುವುದು ಇದೇ ಕಾರಣಕ್ಕೆ. ಜನ ಅಂಟು ನಕಲಿ ಅಂತ ಅಂಗಡಿಯವರನ್ನು ಬೈಯುತ್ತಾರೆ.

ಪಿವಿಸಿ ಹೌದೋ ಅಲ್ಲವೋ ನೋಡಲು ಒಂದು ಹಳೆಯ ಪರೀಕ್ಷೆ ಇದೆ. ಗ್ಯಾಸ್ ಒಲೆ, ಒಂದು ತುಂಡು ತಾಮ್ರದ ತಂತಿ, ಇಕ್ಕಳ ಇದ್ದರೆ ಸಾಕು. ಕರೆಂಟ್ ವೈರಿನ ಪ್ಲಾಸ್ಟಿಕ್ ಹೊದಿಕೆ ಪೂರ್ತಿ ಸುಲಿದು ತಂತಿ ತೆಗೆಯಿರಿ. ಅದನ್ನು ಇಕ್ಕಳದಲ್ಲಿ ಹಿಡಿದು ಉರಿಯಲ್ಲಿ ಕೆಂಪಗೆ ಕಾಯಿಸಿ. ಉರಿಯಲ್ಲಿ ಹಸಿರು ಬಣ್ಣ ಕಾಣುತ್ತಿದ್ದರೆ ಅದು ಹೋಗುವವರೆಗೂ ಕಾಯಿಸಿ. ಆ ಬಿಸಿ ತುದಿಯನ್ನು ಅಟ್ಟೆಯ ತಳದಲ್ಲಿ, ಅಂಟು ತಾಗದ ಸ್ವಚ್ಛ ಜಾಗದಲ್ಲಿ, ಚೂರೇ ಚೂರು ಮುಟ್ಟಿಸಿ. ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಕ್ಲೋರಿನ್ ಇದೆ ಅಂತ ಅರ್ಥ, ಅಂದರೆ ಬಹುಮಟ್ಟಿಗೆ ಪಿವಿಸಿ. ಹಸಿರು ಬರದಿದ್ದರೆ ರಬ್ಬರು, ಇಲ್ಲವೇ ಇವಿಎ, ಪಿಯು, ಟಿಪಿಆರ್ ಅನ್ನುವ, ಅಟ್ಟೆ ಮಾಡುವ ಕೃತಕ ವಸ್ತುಗಳಲ್ಲಿ ಒಂದು. ಕಿಟಕಿ ತೆಗೆದಿಡಿ, ಹೊಗೆ ಮೂಸಬೇಡಿ, ಮಗನ ಕೈಗೆ ಕೊಡಬೇಡಿ. ಅಂಟಿನ ಡಬ್ಬಿ ಆಗ ಅಡುಗೆಮನೆಯಲ್ಲಿ ಇರಲೇಬಾರದು.

ಉಳಿದವನ್ನು ಕೈಯಲ್ಲೇ ಗುರುತಿಸಬಹುದು. ಇವಿಎ ತುಂಬಾ ಹಗುರ, ಒಂದು ಚೂರು ಕತ್ತರಿಸಿ ನೀರಿಗೆ ಹಾಕಿದರೆ ತೇಲುತ್ತದೆ. ಗಟ್ಟಿ ರಬ್ಬರು ಮುಳುಗುತ್ತದೆ, ಉಜ್ಜಿದರೆ ಟೈರಿನ ವಾಸನೆ ಬರುತ್ತದೆ. ಟಿಪಿಆರ್ ಅನ್ನುವುದು ರಬ್ಬರಿನಂತೆಯೇ ಬಳುಕುತ್ತದೆ, ಆದರೆ ಬಿಸಿ ಸೂಜಿ ಚುಚ್ಚಿದರೆ ಕರಗುತ್ತದೆ. ರಬ್ಬರು ಕರಗದು, ಸುಡುತ್ತದೆ. ಟಿಪಿಆರ್‌ಗೆ ಮನೆಯ ಅಂಟು ಅಷ್ಟಾಗಿ ಹಿಡಿಯುವುದಿಲ್ಲ. ಅಂಟಿಸಿದ ಮೇಲೆ ಒಂದು ಸುತ್ತು ಹೊಲಿಗೆ ಹಾಕಿಸುವುದೇ ಒಳ್ಳೆಯದು.

ಮಗನ ಶೂ ಪಿವಿಸಿ ಅಲ್ಲದಿದ್ದರೆ ಹಳದಿ ಅಂಟಿನ ಚಿಕ್ಕ ಟ್ಯೂಬ್ ತನ್ನಿ. ಪಿವಿಸಿ ಆಗಿದ್ದರೆ ಪಿಯು ಅಂಟು ಕೇಳಿ, ಅಂದರೆ ಪಾಲಿಯುರೇಥೇನ್. ಕಾರ್ಖಾನೆಗಳಲ್ಲಿ ಸ್ಪೋರ್ಟ್ಸ್ ಶೂ ಅಟ್ಟೆ ಕೂರಿಸುವುದು ಹೆಚ್ಚಾಗಿ ಇದರಲ್ಲೇ. ಮೆತ್ತಗೆ ಮಾಡುವ ಆ ಎಣ್ಣೆ ಪದಾರ್ಥಕ್ಕೆ ಇದು ಬಗ್ಗುವುದಿಲ್ಲ. ಕಿರಾಣಿ ಅಂಗಡಿಯಲ್ಲಿ ಸಿಗುವುದು ಕಷ್ಟ. ಶಿವಮೊಗ್ಗದಂಥ ಊರಿನಲ್ಲಿ ಚಪ್ಪಲಿ ತಯಾರಿಗೆ ಅಟ್ಟೆ, ರೆಕ್ಸಿನ್ ಮಾರುವ ಅಂಗಡಿ ಇದ್ದರೆ ಅಲ್ಲಿ ವಿಚಾರಿಸಿ. ಕೊಳ್ಳುವಾಗ ಡಬ್ಬಿಯ ಮೇಲೆ ಪಿವಿಸಿಗೆ ಆಗುತ್ತದೆ ಅಂತ ಬರೆದಿದೆಯಾ ನೋಡಿ. ಕೆಲವಕ್ಕೆ ಬೇರೆ ಸೀಸೆಯಲ್ಲಿ ಹಾರ್ಡನರ್ ಕೊಡುತ್ತಾರೆ, ಅದನ್ನು ಅವರು ಹೇಳಿದ ಅಳತೆಯಲ್ಲೇ ಬೆರೆಸಬೇಕು. ಬೆರೆಸಿದ್ದನ್ನು ನಾಳೆಗೆ ಇಡಲು ಆಗುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ನನ್ನ ಲೆಕ್ಕದಲ್ಲಿ ಅಂಟಿನ ಆಯ್ಕೆಗಿಂತ ಇದೇ ಜಾಸ್ತಿ ಮುಖ್ಯ, ಜನ ಅವಸರ ಮಾಡುವುದೂ ಇಲ್ಲೇ.

ಮೊದಲು ಶೂ ಪೂರ್ತಿ ಒಣಗಬೇಕು. ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗಿನ ಬಟ್ಟೆ, ರಟ್ಟು ನೀರು ಹಿಡಿದಿಟ್ಟುಕೊಂಡಿರುತ್ತದೆ. ನಿಮ್ಮ ಕಡೆ ಆಗಸ್ಟ್‌ನಲ್ಲಿ ಫ್ಯಾನಿನ ಕೆಳಗೆ ಎರಡು ದಿನ ಬೇಕಾಗಬಹುದು. ಒಳಗೆ ಹಳೇ ಪೇಪರ್ ತುರುಕಿ, ಒದ್ದೆಯಾದಂತೆ ಬದಲಿಸಿ. ಆ ಎರಡು ದಿನ ಶಾಲೆಗೆ ಚಪ್ಪಲಿಗೆ ಅನುಮತಿ ಕೇಳಿ, ಮಳೆಗಾಲದಲ್ಲಿ ಮೇಷ್ಟ್ರು ಇಲ್ಲ ಅನ್ನಲಿಕ್ಕಿಲ್ಲ.

ಆಮೇಲೆ ಹಳೆಯ ಅಂಟು ತೆಗೆಯಬೇಕು. ನಿಮ್ಮ ಶೂ ಒಳಗೆ ಈಗ ಕಾರ್ಖಾನೆಯ ಅಂಟು, ದಿಢೀರ್ ಅಂಟಿನ ಬಿಳಿ ಹೊಪ್ಪಳೆ, ಬಿಳಿ ಅಂಟಿನ ಪೊರೆ ಮೂರೂ ಇವೆ. ಅದರ ಮೇಲೆ ಎಂಥ ಒಳ್ಳೆ ಅಂಟು ಹಚ್ಚಿದರೂ ಹಿಡಿಯುವುದು ಆ ಹೊಪ್ಪಳೆಯನ್ನೇ ಹೊರತು ಅಟ್ಟೆಯನ್ನಲ್ಲ. ಬಿಳಿ ಪೊರೆಯನ್ನು ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಕೀಳಿ, ಮತ್ತೆ ಒಣಗಿಸಿ. ಉಳಿದದ್ದಕ್ಕೆ ಮರಳು ಕಾಗದ. 60 ಅಥವಾ 80ನೇ ನಂಬರಿನ ಒರಟು ಕಾಗದ ತನ್ನಿ. ಅಟ್ಟೆಯ ಮೇಲ್ಭಾಗ, ಶೂವಿನ ಕೆಳಭಾಗ ಎರಡನ್ನೂ ಹೊಳಪು ಹೋಗಿ ಮಾಸಲು ಕಾಣುವವರೆಗೂ ಉಜ್ಜಿ. ಮೂಲೆಗೆ ಕೈ ಹೋಗದಿದ್ದರೆ ಐಸ್‌ಕ್ರೀಮ್ ಕಡ್ಡಿಗೆ ಕಾಗದ ಸುತ್ತಿಕೊಳ್ಳಿ. ನೇಲ್ ಪಾಲಿಷ್ ತೆಗೆಯುವ ಅಸಿಟೋನ್ ದಿಢೀರ್ ಅಂಟನ್ನು ಕರಗಿಸುತ್ತದೆ ನಿಜ. ಆದರೆ ಅದು ರೆಕ್ಸಿನ್ ಮೇಲ್ಮೈಯನ್ನೂ ಕರಗಿಸುತ್ತದೆ, ಹಾಗಾಗಿ ಸ್ಕೂಲ್ ಶೂಗೆ ನಾನು ಅದನ್ನು ಹೇಳುವುದಿಲ್ಲ.

ದೂಳನ್ನು ಒಣ ಬ್ರಷ್‌ನಲ್ಲಿ ಹೊಡೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿ. ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಸ್ಯಾನಿಟೈಸರ್ ಬೇಡ, ಅದರಲ್ಲಿರುವ ಗ್ಲಿಸರಿನ್ ಹಾಗೇ ಉಳಿಯುತ್ತದೆ. ಸೀಮೆಎಣ್ಣೆಯೂ ಬೇಡ, ಅದು ಜಿಡ್ಡು ಬಿಡುತ್ತದೆ. ಪೆಟ್ರೋಲ್ ಅಂತೂ ಮನೆಯೊಳಗೆ ತರಲೇಬೇಡಿ.

ಅಂಟನ್ನು ಎರಡೂ ಕಡೆ ಹಚ್ಚಬೇಕು. ಒಂದು ಕಡೆ ದಪ್ಪಗೆ ಬಳಿದು ಮುಚ್ಚಿದರೆ ಈ ಜಾತಿಯ ಅಂಟು ಕೆಲಸ ಮಾಡುವುದಿಲ್ಲ. ಒಳಗಿನ ದ್ರಾವಕಕ್ಕೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ, ವಾರವಾದರೂ ಹಸಿಯಾಗೇ ಇರುತ್ತದೆ. ತೆಳ್ಳಗೆ, ಸಮವಾಗಿ, ಅಂಚಿನವರೆಗೂ ಹಚ್ಚಿ. ಬಟ್ಟೆಯೋ ಚರ್ಮವೋ ಆಗಿದ್ದರೆ ಮೊದಲ ಪದರವನ್ನು ಅದು ಹೀರಿಕೊಳ್ಳುತ್ತದೆ, ಒಣಗಿದ ಮೇಲೆ ಇನ್ನೊಂದು ಪದರ ಕೊಡಿ. ಬಾಯಿ ತೆರೆದೇ ಇರಲಿ ಅಂತ ನಡುವೆ ಒಂದು ಕಡ್ಡಿ ಸಿಕ್ಕಿಸಿ 10ರಿಂದ 15 ನಿಮಿಷ ಬಿಡಿ. ಬೆರಳ ಹಿಂಭಾಗದಿಂದ ಮುಟ್ಟಿ ನೋಡಿ. ಅಂಟು ಬೆರಳಿಗೆ ಬರಬಾರದು, ಆದರೆ ಜಿಗುಟು ಇದೆ ಅನ್ನಿಸಬೇಕು. ಆಗ ಮುಚ್ಚಿ.

ಮುಚ್ಚುವಾಗ ಒಂದೇ ಅವಕಾಶ. ಪದರಕ್ಕೆ ಪದರ ತಾಗಿದ ಕೂಡಲೇ ಹಿಡಿಯುತ್ತದೆ, ಸರಿಸಿ ಕೂರಿಸಲು ಬಿಡುವುದಿಲ್ಲ. ಒಳಗಡೆಯಿಂದ, ಅಂದರೆ ಬಾಯಿ ಮುಗಿಯುವ ಮೂಲೆಯಿಂದ, ಹೊರಗೆ ಒತ್ತುತ್ತಾ ಬನ್ನಿ. ಇಲ್ಲದಿದ್ದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಜೋರಾಗಿ ಒತ್ತಬೇಕು. ಚಪ್ಪಲಿ ಹೊಲಿಯುವವರು ಅಟ್ಟೆಯನ್ನು ಕಬ್ಬಿಣದ ಮೇಲಿಟ್ಟು ಸುತ್ತಿಗೆಯಿಂದ ಬಡಿಯುವುದು ಸುಮ್ನೆ ಅಲ್ಲ. ಈ ಅಂಟಿಗೆ ಎಷ್ಟು ಹೊತ್ತು ಒತ್ತಿದಿರಿ ಅನ್ನುವುದಕ್ಕಿಂತ ಎಷ್ಟು ಬಲವಾಗಿ ಒತ್ತಿದಿರಿ ಅನ್ನುವುದೇ ಮುಖ್ಯ. ಮನೆಯಲ್ಲಿ ಶೂ ಒಳಗೆ ಲಟ್ಟಣಿಗೆಯ ತುದಿ ಇಟ್ಟು ಹೊರಗಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿಯಬಹುದು. ಮುಂತುದಿ ಬಾಗಿ ಮೇಲೇಳುವ ಸ್ವಭಾವದ್ದಾದರೆ ಹಳೇ ಸೈಕಲ್ ಟ್ಯೂಬನ್ನು ಪಟ್ಟಿಯಂತೆ ಕತ್ತರಿಸಿ ಬಿಗಿಯಾಗಿ ಸುತ್ತಿಡಿ. ಒಳಗೆ ಬಟ್ಟೆ ತುಂಬಿರಲಿ, ಇಲ್ಲದಿದ್ದರೆ ಶೂ ಚಪ್ಪಟೆಯಾಗುತ್ತದೆ. 24 ಗಂಟೆ ಹಾಕಿಕೊಳ್ಳುವಂತಿಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಒಂದು ಹೆಚ್ಚಿನ ತಾಪತ್ರಯ ಇದೆ. ದ್ರಾವಕ ಆವಿಯಾಗುವಾಗ ಅಂಟಿನ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳು ನೀರಿನ ಪೊರೆ ಕೂರುತ್ತದೆ. ಕೆಲವು ಸಲ ಮಂಜು ಕಟ್ಟಿದ ಹಾಗೆ ಬೆಳ್ಳಗೂ ಕಾಣುತ್ತದೆ. ಆಗ ಮುಚ್ಚಿದರೆ ಎರಡು ಪದರಗಳ ನಡುವೆ ನೀರು ಉಳಿಯುತ್ತದೆ, ಅಂಟು ಕೂಡುವುದಿಲ್ಲ. ಮಳೆ ಬಿಟ್ಟ ಮಧ್ಯಾಹ್ನ ನೋಡಿ ಈ ಕೆಲಸ ಇಟ್ಟುಕೊಳ್ಳಿ. ಹೇರ್ ಡ್ರೈಯರ್ ಇದ್ದರೆ ಇನ್ನೂ ಒಳ್ಳೆಯದು. ಅಂಟು ಪೂರ್ತಿ ಒಣಗಿ, ವಾಸನೆ ಕಡಿಮೆಯಾದ ಮೇಲೆ, ಬೇರೆ ಕೋಣೆಗೆ ತೆಗೆದುಕೊಂಡು ಹೋಗಿ ಎರಡೂ ಪದರಗಳಿಗೆ ಒಂದು ನಿಮಿಷ ಬಿಸಿ ಗಾಳಿ ಕೊಡಿ. ನೀರೂ ಹೋಗುತ್ತದೆ, ಅಂಟಿಗೆ ಮತ್ತೆ ಜಿಗುಟೂ ಬರುತ್ತದೆ. ಕೂಡಲೇ ಮುಚ್ಚಿ ಒತ್ತಿ. ಹಸಿ ಅಂಟಿನ ಹತ್ತಿರ ಡ್ರೈಯರ್ ತರಲೇಬಾರದು. ಅದರೊಳಗಿನ ಕಾಯಿಲ್ ಕೆಂಪಗೆ ಕಾದಿರುತ್ತದೆ, ಅಂಟಿನ ಆವಿ ಪೆಟ್ರೋಲಿನ ಆವಿಯಷ್ಟೇ ಸುಲಭವಾಗಿ ಬೆಂಕಿ ಹಿಡಿಯುತ್ತದೆ. ದೇವರ ದೀಪ, ಊದುಬತ್ತಿ, ಸೊಳ್ಳೆ ಬತ್ತಿ ಯಾವುದೂ ಆ ಕೋಣೆಯಲ್ಲಿ ಉರಿಯುತ್ತಿರಬಾರದು. ಜಗಲಿಯೇ ಸರಿಯಾದ ಜಾಗ. ಆ ಆವಿ ಉಸಿರಿಗೂ ಒಳ್ಳೆಯದಲ್ಲ, ತಲೆ ತಿರುಗುತ್ತದೆ. ಗರ್ಭಿಣಿಯರು ದೂರ ಇರಲಿ. ಇದನ್ನು ಮೂಸಿ ನಶೆ ಮಾಡುವ ಚಟಕ್ಕೆ ಬೀಳುವ ಮಕ್ಕಳಿದ್ದಾರೆ, ಹಾಗಾಗಿ ಟ್ಯೂಬನ್ನು ಬೀಗ ಹಾಕುವ ಕಪಾಟಿನಲ್ಲಿ ಇಡಿ ಅಂತ ಯಾವ ಮನೆಗಾದರೂ ಹೇಳುತ್ತೇನೆ.

ಸರಿ ಮಾಡಿದ ಶೂ ಮತ್ತೆ ನೆನೆದಾಗ ಬಚ್ಚಲ ಒಲೆಯ ಪಕ್ಕ ಒಣಗಿಸಲು ಇಡಬೇಡಿ. ನಿಯೊಪ್ರೀನ್ ಅಂಟು ಬಿಸಿಗೆ ಮೆತ್ತಗಾಗುತ್ತದೆ. ಮಲೆನಾಡಿನ ಶೂಗಳು ಬಾಯಿ ಬಿಡಲು ಮಳೆಯಷ್ಟೇ ಆ ಒಲೆಯೂ ಕಾರಣ ಅನ್ನುವುದು ನನ್ನ ಅನುಮಾನ.

ಎಪಾಕ್ಸಿ ಹಾಕಬಹುದಾ ಅಂತ ಕೆಲವರು ಕೇಳುತ್ತಾರೆ, ಅಂದರೆ ಅರಾಲ್ಡೈಟ್ ಥರದ ಎರಡು ಟ್ಯೂಬಿನ ಅಂಟು. ಹೈ ಹೀಲ್ಸ್‌ನ ಗಟ್ಟಿ ಹಿಮ್ಮಡಿ ಮುರಿದಿದ್ದರೆ ಸರಿ, ಬಾಗುವ ಜಾಗಕ್ಕೆ ಬೇಡ. ಬಾತ್‌ರೂಮಿಗೆ ಹಾಕುವ ಸಿಲಿಕೋನ್ ಬಳುಕುತ್ತದೆ, ಆದರೆ ಅಟ್ಟೆಗೆ ಸರಿಯಾಗಿ ಹಿಡಿಯುವುದಿಲ್ಲ. ಒಮ್ಮೆ ಸಿಲಿಕೋನ್ ತಾಗಿದ ಜಾಗಕ್ಕೆ ಆಮೇಲೆ ಬೇರೆ ಅಂಟೂ ಹಿಡಿಯುವುದಿಲ್ಲ, ಅದು ಇನ್ನೂ ಕೆಟ್ಟದ್ದು. ಅಮೆರಿಕದಲ್ಲಿರುವ ನಮ್ಮವರು ಕೇಳುವ ಶೂ ಗೂ ಅನ್ನುವ ಅಂಟು ಸವೆದ ಹಿಮ್ಮಡಿ ತುಂಬಲು ತುಂಬಾ ಚೆನ್ನಾಗಿದೆ. ಅಲ್ಲಿ ಅಟ್ಟೆ ಅಂಟಿಸಲು ಬಾರ್ಜ್ ಸಿಗುತ್ತದೆ, ಅದು ನಮ್ಮ ಹಳದಿ ಅಂಟಿನ ಬಂಧುವೇ.

ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಗೆ ಈ ಯಾವ ಮಾತೂ ಅನ್ವಯಿಸುವುದಿಲ್ಲ. 2019ರಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡೂ ಸೇರಿ ಭೌಗೋಳಿಕ ಸೂಚಕ ಪಡೆದ ಚಪ್ಪಲಿ ಅದು. ಅದರ ಬಲ ಇರುವುದು ಚರ್ಮದ ದಾರದ ಹೊಲಿಗೆಯಲ್ಲಿ. ಉಂಗುಷ್ಠ ಕಿತ್ತರೆ ಹೊಲಿಸಿ. ಎಣ್ಣೆ ಕುಡಿದ ಚರ್ಮಕ್ಕೆ ಅಂಟು ಹಿಡಿಯುವುದೂ ಇಲ್ಲ.

ಇನ್ನು ಟ್ರೆಕ್ಕಿಂಗ್ ಶೂ. ಅಟ್ಟೆ ಕಳಚಿದ ಜಾಗ ನೋಡಿ. ಬೂದು ಬಣ್ಣದ ಪುಡಿ, ಕೈಗೆ ಅಂಟುವ ಚೂರು ಇದ್ದೇ ಇರುತ್ತದೆ. ನಡುವಿನ ಮೆತ್ತನೆಯ ಪದರ ಪಿಯು ಫೋಮಿನದ್ದು. ಗಾಳಿಯ ತೇವ ವರ್ಷಗಟ್ಟಲೆ ಅದರೊಳಗೆ ಇಳಿದು ಅದನ್ನು ಒಳಗಿನಿಂದಲೇ ಒಡೆಯುತ್ತದೆ. ಹಾಕದೆ ಡಬ್ಬಿಯಲ್ಲಿ ಜೋಪಾನ ಮಾಡಿದ ಶೂಗೇ ಹೀಗಾಗುವುದು ಜಾಸ್ತಿ, ಹೊಚ್ಚ ಹೊಸದರಂತೆ ಕಾಣುತ್ತಿದ್ದರೂ. ಇಲ್ಲಿ ಅಂಟು ಬಿಟ್ಟಿಲ್ಲ, ಅಂಟು ಹಿಡಿದುಕೊಂಡಿದ್ದ ವಸ್ತುವೇ ಪುಡಿಯಾಗಿದೆ. ಇನ್ನೊಂದು ಕಾಲಿನ ಶೂ ಸರಿ ಇದೆ ಅನ್ನಿಸಿದರೆ ಅಟ್ಟೆಯ ಪಕ್ಕಕ್ಕೆ ಉಗುರು ಒತ್ತಿ ನೋಡಿ. ಬಿರುಕು ಬಿಟ್ಟರೆ ಅದೂ ಹೋದ ಹಾಗೆಯೇ. ಅದನ್ನು ಹಾಕಿಕೊಂಡು ಕುಮಾರಪರ್ವತ ಹತ್ತಲು ಹೊರಟರೆ ಅರ್ಧ ದಾರಿಯಲ್ಲಿ ಬರಿಗಾಲು. ಮೇಲಿನ ಚರ್ಮ ಒಳ್ಳೆಯದಾಗಿದ್ದರೆ ಇಡೀ ಅಟ್ಟೆ ಬದಲಿಸಿ ಕೊಡುವ ರಿಪೇರಿಯವರನ್ನು ದೊಡ್ಡ ಊರುಗಳಲ್ಲಿ ಹುಡುಕಬಹುದು. ಬಟ್ಟೆಯ ಶೂ ಆಗಿದ್ದರೆ ಲೇಸ್ ಬಿಚ್ಚಿ ಇಟ್ಟುಕೊಂಡು ಉಳಿದದ್ದನ್ನು ಎಸೆಯಿರಿ.

ಕೊನೆಗೆ ಮಾವನವರ ಗಂಬೂಟು. ತೋಟಕ್ಕೆ ಹಾಕುವ ಗಂಬೂಟು ಸಾಮಾನ್ಯವಾಗಿ ಪಿವಿಸಿ, ತಂತಿ ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳಿ. ಪೈಪಿಗೆ ಹಾಕುವ ಪಿವಿಸಿ ಅಂಟು ಹಾಕಲು ಮನಸ್ಸಾಗುತ್ತದೆ, ಮನೆಯಲ್ಲಿ ಇದ್ದೇ ಇರುತ್ತದಲ್ಲ. ಅದು ಹಿಡಿಯುತ್ತದೆ, ಆದರೆ ಗಡಸಾಗುತ್ತದೆ. ಸೀಳಿರುವುದು ಮಡಿಚುವ ಜಾಗದಲ್ಲೇ ಆದ್ದರಿಂದ ಪಕ್ಕದಲ್ಲೇ ಹೊಸ ಸೀಳು ಬರುತ್ತದೆ. ಸೀಳಿನ ಎರಡು ಅಂಚನ್ನು ಜೋಡಿಸಿ ಅಂಟಿಸುವುದರಲ್ಲೂ ಅರ್ಥವಿಲ್ಲ, ಅಷ್ಟು ಕಡಿಮೆ ಜಾಗದಲ್ಲಿ ಯಾವ ಅಂಟೂ ನಿಲ್ಲದು. ಸೀಳಿನ ಎರಡೂ ತುದಿಯಲ್ಲಿ ಚಿಕ್ಕ ದುಂಡನೆಯ ತೂತು ಮಾಡಿ, ಸೀಳು ಮುಂದೆ ಓಡುವುದು ನಿಲ್ಲುತ್ತದೆ. ಹಳೇ ಪಿವಿಸಿ ಗಂಬೂಟಿನ ಮೇಲ್ಭಾಗದಿಂದ ತೇಪೆ ಕತ್ತರಿಸಿ, ಸೀಳಿನ ಸುತ್ತ ಎಲ್ಲ ಕಡೆ ಎರಡು ಬೆರಳಿನಷ್ಟು ಹೆಚ್ಚಿರಲಿ, ಮೂಲೆಗಳನ್ನು ದುಂಡಗೆ ಮಾಡಿ. ಎರಡನ್ನೂ ಉಜ್ಜಿ, ಒರೆಸಿ, ಪಿಯು ಅಂಟು ಹಚ್ಚಿ ಹೊರಗಡೆಯಿಂದ ಕೂರಿಸಿ, ಒಳಗೆ ಸೌದೆ ತುಂಡು ಕೊಟ್ಟು ಬಡಿಯಿರಿ. ಎರಡು ದಿನ ಬಿಟ್ಟು ಬೂಟಿನೊಳಗೆ ನೀರು ತುಂಬಿಸಿ ಜಗಲಿಯಲ್ಲಿ ನಿಲ್ಲಿಸಿ. ಒಂದು ರಾತ್ರಿ ಸೋರದಿದ್ದರೆ ತೋಟಕ್ಕೆ ಹಾಕಿಕೊಂಡು ಹೋಗಬಹುದು. ತೋಟಕ್ಕೆ ಔಷಧಿ ಹೊಡೆಯುವ ದಿನ ಮಾತ್ರ ತೇಪೆಯ ಬೂಟು ಬೇಡ, ಆ ದಿನಕ್ಕೆ ತೂತಿಲ್ಲದ ಜೋಡಿಯನ್ನೇ ಕೊಡಿ.